1927ರ ಯಾಂಕೀಸ್, 1975ರ ರೆಡ್ಸ್: ನಮ್ಮ ದಾಳದ ಲೀಗಿನ ಫೈನಲ್‌ನಲ್ಲಿ ಯಾರು ಮೇಲು?

ನಮ್ಮ ದಾಳದ ಬೇಸ್‌ಬಾಲ್ ಲೀಗಿನ ಫೈನಲ್, ಏಳನೇ ಆಟ, ಎಂಟನೇ ಇನಿಂಗ್ಸ್. ರೆಡ್ಸ್ ಒಂದು ರನ್ ಮುಂದಿದೆ. ಯಾಂಕೀಸ್‌ನ ಇಬ್ಬರು ಬೇಸ್ ಮೇಲೆ ನಿಂತಿದ್ದಾರೆ, ಔಟ್ ಆಗಿರುವುದು ಒಬ್ಬನೇ. ಈಗ ಬ್ಯಾಟ್ ಹಿಡಿದು ಬರುವವನು ಬೇಬ್ ರೂತ್. ಅವನ ಹಿಂದೆ ಲೂ ಗೆರಿಗ್. ರೆಡ್ಸ್ ಆಡಿಸುತ್ತಿದ್ದವನು ನಾನು. ಎದುರು ಕೂತ ಗೆಳೆಯ ಯಾಂಕೀಸ್ ಆಡಿಸುತ್ತಿದ್ದ. ದಾಳ ಅವನ ಕೈಯಲ್ಲಿತ್ತು. "ಒಂದು ನಿಮಿಷ ಇರು" ಅಂದೆ. ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಕಾರ್ಡ್ ತೆಗೆದು ಇನ್ನೊಂದು ಕಾರ್ಡ್ ಇಟ್ಟೆ. ಈ ಎರಡು ತಂಡಗಳ ನಡುವಿನ ವ್ಯತ್ಯಾಸ ಏನು ಅಂತ ನನಗೆ ಅರ್ಥವಾದದ್ದು ಆ ಒಂದು ನಿಮಿಷದಲ್ಲಿ.

ಮೊದಲು ನಮ್ಮ ಲೀಗಿನ ಬಗ್ಗೆ ಹೇಳಿಬಿಡುತ್ತೇನೆ. ನಾವು ಆಡುವುದು ಸ್ಟ್ರಾಟ್-ಓ-ಮ್ಯಾಟಿಕ್. ಹ್ಯಾಲ್ ರಿಚ್‌ಮನ್ 1961ರಲ್ಲಿ ಮಾರುಕಟ್ಟೆಗೆ ತಂದ ಬೇಸ್‌ಬಾಲ್ ಆಟ ಅದು. ಪ್ರತಿ ಆಟಗಾರನಿಗೂ ಒಂದು ಕಾರ್ಡ್. ಒಂದು ನಿರ್ದಿಷ್ಟ ವರ್ಷ ಅವನು ನಿಜವಾಗಿ ಆಡಿದ ಆಟವೇ ಆ ಕಾರ್ಡಿನಲ್ಲಿರುತ್ತದೆ. ಮೂರು ದಾಳ ಉರುಳಿಸಬೇಕು. ಮೊದಲ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು. 4, 5, 6 ಬಿದ್ದರೆ ಪಿಚರ್ ಕಾರ್ಡ್. ಉಳಿದ ಎರಡು ದಾಳಗಳ ಮೊತ್ತ ಯಾವ ಸಾಲು ಅಂತ ಹೇಳುತ್ತದೆ. ಅಂದರೆ ಅರ್ಧ ಆಟ ಬ್ಯಾಟರ್ ಕೈಯಲ್ಲಿ, ಅರ್ಧ ಪಿಚರ್ ಕೈಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಟು ಹಳೆಯ ತಂಡಗಳನ್ನು ಕೂಡಿಸಿಕೊಂಡು ಲೀಗ್ ನಡೆಸಿದೆವು. 1970ರ ಓರಿಯೋಲ್ಸ್ ಇತ್ತು, 1986ರ ಮೆಟ್ಸ್ ಇತ್ತು, 114 ಆಟ ಗೆದ್ದಿದ್ದ 1998ರ ಯಾಂಕೀಸ್ ಕೂಡ ಇತ್ತು. ಲೀಗ್ ಮುಗಿದಾಗ 1927ರ ಯಾಂಕೀಸ್ ಮೊದಲು, 1975ರ ಸಿನ್ಸಿನಾಟಿ ರೆಡ್ಸ್ ಎರಡನೆಯದು. ಒಂದೇ ಫೈನಲ್ ಆಡಿ ತೀರ್ಪು ಕೊಡುವುದು ನ್ಯಾಯ ಅಲ್ಲ ಅನ್ನಿಸಿತು. ಅದಕ್ಕೇ ತಂಡ ಅದಲುಬದಲು ಮಾಡಿಕೊಳ್ಳುತ್ತಾ ಒಟ್ಟು ಐದು ಫೈನಲ್ ಆಡಿದೆವು. ಪ್ರತಿ ಸಲವೂ ನಾಲ್ಕು ಆಟ ಮೊದಲು ಗೆದ್ದವರಿಗೆ ಕಪ್. ಎರಡೂ ತಂಡಗಳ ನಿಜವಾದ ಕಾಲದ ವಿಶ್ವ ಸರಣಿಯಲ್ಲಿ (ಅಮೆರಿಕದ ಬೇಸ್‌ಬಾಲಿನ ವರ್ಷದ ಫೈನಲ್) ಇದ್ದ ಹಾಗೆ ಪಿಚರ್ ಕೂಡ ಬ್ಯಾಟ್ ಮಾಡಲೇಬೇಕು ಅಂತ ನಿಯಮ ಇಟ್ಟುಕೊಂಡೆವು.

ಯಾಂಕೀಸ್ ಬಗ್ಗೆ ಹೇಳುವಾಗ ಅಂಕಿಗಳೇ ಮಾತಾಡುತ್ತವೆ. 154 ಆಟಗಳಲ್ಲಿ 110 ಗೆಲುವು. ರೂತ್ 60 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. ಆ ವರ್ಷ ಅಮೆರಿಕನ್ ಲೀಗಿನ ಬೇರೆ ಯಾವ ತಂಡವೂ, ಇಡೀ ತಂಡ ಸೇರಿ, ಅಷ್ಟು ಹೊಡೆಯಲಿಲ್ಲ. ಗೆರಿಗ್ 47 ಹೋಮ್ ರನ್ ಜೊತೆಗೆ .373 ಸರಾಸರಿ ಇಟ್ಟ, ಅಂದರೆ ನೂರು ಅವಕಾಶಕ್ಕೆ ಸುಮಾರು 37 ಹಿಟ್. ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ. ಇವರಿಬ್ಬರಿಗಿಂತ ಮುಂಚೆ ಬರುವ ಅರ್ಲ್ ಕೂಂಬ್ಸ್ .356ರಲ್ಲಿ 231 ಹಿಟ್ ಹೊಡೆದ. ಇವರ ಹಿಂದೆ ಬಾಬ್ ಮ್ಯೂಸೆಲ್, ಟೋನಿ ಲಝೆರಿ. ಈ ಸಾಲಿಗೆ ಕೊಲೆಗಾರರ ಸಾಲು ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ.

ಆಡಿಸುವಾಗ ಇದು ಹೇಗಿರುತ್ತದೆ ಗೊತ್ತಾ? ಮೊದಲ ದಾಳ 1, 2 ಅಥವಾ 3 ಬಿದ್ದು ರೂತ್ ಕಾರ್ಡಿಗೆ ಹೋದರೆ ಎದುರಾಳಿಯ ಎದೆ ಧಸಕ್ ಅನ್ನುತ್ತದೆ. ಒಳ್ಳೆಯ ಸಾಲು ಬೀಳದಿದ್ದರೂ ವಾಕ್ ಸಿಗುತ್ತದೆ, ಸುಮ್ಮನೆ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಆಮೇಲೆ ಗೆರಿಗ್ ಬರುತ್ತಾನೆ. ನಾನು ಯಾಂಕೀಸ್ ಆಡಿಸಿದ ಫೈನಲ್‌ಗಳಲ್ಲಿ ಯೋಚನೆ ಮಾಡುವ ಕೆಲಸ ತುಂಬಾ ಕಡಿಮೆ ಇತ್ತು. ಬೇಸ್ ಕದಿಯಲು, ಅಂದರೆ ಹಿಟ್ ಇಲ್ಲದೆಯೇ ಮುಂದಿನ ಬೇಸಿಗೆ ಓಡಲು, ಓಟಗಾರನನ್ನು ಕಳಿಸುವುದು ಯಾಕೆ? ಹಿಂದೆ ಗೆರಿಗ್ ಇದ್ದಾನೆ. ಬಂಟ್ ಮಾಡಿ, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ, ಒಂದು ಔಟ್ ಕೊಡುವುದು ಯಾಕೆ? ಕಾದರೆ ಸಾಕು. ಐದು ರನ್ ಹಿಂದೆ ಬಿದ್ದಿದ್ದಾಗಲೂ ನನಗೆ ಆತಂಕ ಆಗಲಿಲ್ಲ. ಈ ನೆಮ್ಮದಿ ಬೇರೆ ಯಾವ ತಂಡದ ಜೊತೆಗೂ ನನಗೆ ಸಿಕ್ಕಿಲ್ಲ.

ರೆಡ್ಸ್ ಹಾಗಲ್ಲ. ಅವರೂ 162ರಲ್ಲಿ 108 ಗೆದ್ದವರು, ತಮ್ಮ ವಿಭಾಗವನ್ನು 20 ಆಟಗಳ ಅಂತರದಲ್ಲಿ ಗೆದ್ದವರು. ಆದರೆ ಅವರ ಬಲ ಒಂದು ಕಾರ್ಡಿನಲ್ಲಿ ಇಲ್ಲ. ಎಂಟೂ ಕಾರ್ಡ್ ಮೇಜಿನ ಮೇಲೆ ಹರಡಿದಾಗ ಕಾಣುತ್ತದೆ. ಪೀಟ್ ರೋಸ್, ಕೆನ್ ಗ್ರಿಫಿ, ಜೋ ಮಾರ್ಗನ್, ಜಾನಿ ಬೆಂಚ್, ಟೋನಿ ಪೆರೆಜ್, ಜಾರ್ಜ್ ಫಾಸ್ಟರ್, ಡೇವ್ ಕಾನ್ಸೆಪ್ಸಿಯಾನ್, ಸೀಸರ್ ಜೆರೊನಿಮೊ. ಉಸಿರು ಬಿಡಲು ಜಾಗವೇ ಇಲ್ಲದ ಸಾಲು. ಆ ವರ್ಷ ಮೇ ತಿಂಗಳಲ್ಲಿ ಮ್ಯಾನೇಜರ್ ಸ್ಪಾರ್ಕಿ ಆಂಡರ್ಸನ್ ರೋಸ್‌ನನ್ನು ಮೂರನೇ ಬೇಸಿಗೆ ತಂದು, ಖಾಲಿಯಾದ ಲೆಫ್ಟ್ ಫೀಲ್ಡ್‌ನಲ್ಲಿ ಫಾಸ್ಟರ್‌ಗೆ ಜಾಗ ಕೊಟ್ಟ. ಆ ಒಂದು ಬದಲಾವಣೆ ಆಗದೇ ಇದ್ದಿದ್ದರೆ ಇಷ್ಟು ಗಟ್ಟಿ ಸಾಲು ನಮ್ಮ ಮೇಜಿಗೆ ಬರುತ್ತಲೇ ಇರಲಿಲ್ಲ.

ಇವರಲ್ಲಿ ನನಗೆ ಅಚ್ಚುಮೆಚ್ಚು ಮಾರ್ಗನ್. ಅವನ 1975ರ ಲೆಕ್ಕ ನೋಡಿ: .327 ಸರಾಸರಿ, 132 ವಾಕ್, ಕದ್ದ ಬೇಸ್ 67. ಇವನು ಮೊದಲ ಬೇಸಿನಲ್ಲಿ ನಿಂತರೆ ಅದನ್ನು ಎರಡನೇ ಬೇಸ್ ಅಂತಲೇ ಲೆಕ್ಕ ಹಾಕಬೇಕು. ಯಾಂಕೀಸ್ ಕಡೆ ಇದಕ್ಕೆ ಉತ್ತರ ಕೊಡಬೇಕಾದವನು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಆದರೆ 1927ರ ಯಾಂಕೀಸ್‌ಗೆ ಒಬ್ಬ ಗಟ್ಟಿ ಕ್ಯಾಚರ್ ಇರಲಿಲ್ಲ. ಪ್ಯಾಟ್ ಕಾಲಿನ್ಸ್, ಜಾನಿ ಗ್ರಬೋವ್‌ಸ್ಕಿ, ಬೆನ್ನಿ ಬೆಂಗೋ ಅಂತ ಮೂವರು ಆ ಕೆಲಸ ಹಂಚಿಕೊಂಡಿದ್ದರು. ರೆಡ್ಸ್ ಕಡೆ ನೋಡಿದರೆ ಅಲ್ಲಿ ಕೂತಿರುವುದು ಬೆಂಚ್! ಕ್ಯಾಚರ್ ಜಾಗದ ಹೋಲಿಕೆಗೆ ಇದಕ್ಕಿಂತ ಜಾಸ್ತಿ ಮಾತು ಬೇಡ. ಐದೂ ಫೈನಲ್‌ಗಳಲ್ಲಿ ಯಾಂಕೀಸ್‌ಗೆ ಜಾಸ್ತಿ ನೋವು ಕೊಟ್ಟದ್ದು ಇದೇ.

ಹಾಗಂತ ರೆಡ್ಸ್ ಓಟ ಎಲ್ಲ ಕಡೆ ನಡೆಯುವುದಿಲ್ಲ. ಎರಡನೇ ಫೈನಲ್‌ನಲ್ಲಿ ಗೆಳೆಯ ರೆಡ್ಸ್ ಆಡಿಸುತ್ತಿದ್ದ. ಗ್ರಿಫಿಯನ್ನು ಮೊದಲ ಬೇಸಿನಿಂದ ಒಂದೇ ಹಿಟ್‌ಗೆ ಮೂರಕ್ಕೆ ಓಡಿಸಿದ. ಚೆಂಡು ಹೋಗಿದ್ದು ಲೆಫ್ಟ್ ಫೀಲ್ಡ್‌ಗೆ, ಅಲ್ಲಿದ್ದದ್ದು ಮ್ಯೂಸೆಲ್. ಆ ಕಾಲದಲ್ಲಿ ಅವನ ತೋಳಿನ ಬಲಕ್ಕೆ ದೊಡ್ಡ ಹೆಸರು. ಯಾಂಕೀ ಸ್ಟೇಡಿಯಂನಲ್ಲಿ ಬಿಸಿಲು ಕಣ್ಣಿಗೆ ಹೊಡೆಯುವುದು ಲೆಫ್ಟ್ ಫೀಲ್ಡ್‌ನಲ್ಲಿ. ಅದಕ್ಕೇ ರೂತ್‌ನನ್ನು ರೈಟ್ ಫೀಲ್ಡ್‌ನಲ್ಲಿಟ್ಟು ಮ್ಯೂಸೆಲ್‌ನನ್ನು ಈ ಕಡೆ ನಿಲ್ಲಿಸುತ್ತಿದ್ದರು. ಗ್ರಿಫಿ ಔಟ್ ಆದ, ಆ ಇನಿಂಗ್ಸ್ ಅಲ್ಲಿಗೇ ಮುಗಿಯಿತು, ಆ ಸರಣಿಯೂ ಯಾಂಕೀಸ್ ಪಾಲಾಯಿತು.

ಫೀಲ್ಡಿಂಗ್‌ನಲ್ಲಿ ರೆಡ್ಸ್ ಮೇಲು. ಬೆಂಚ್, ಮಾರ್ಗನ್, ಕಾನ್ಸೆಪ್ಸಿಯಾನ್, ಜೆರೊನಿಮೊ ನಾಲ್ವರಿಗೂ ಆ ವರ್ಷ ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಬಂದಿತ್ತು. ಕ್ಯಾಚರ್, ಎರಡನೇ ಬೇಸ್, ಶಾರ್ಟ್ ಸ್ಟಾಪ್, ಸೆಂಟರ್ ಫೀಲ್ಡ್. ಮೈದಾನದ ಬೆನ್ನುಮೂಳೆಯೇ ಈ ನಾಲ್ಕು ಜಾಗ.

ಈಗ ಪಿಚಿಂಗ್. ನನ್ನ ಪ್ರಕಾರ ಈ ಹೋಲಿಕೆಯಲ್ಲಿ ಜನ ತಪ್ಪು ತಿಳಿಯುವುದು ಇಲ್ಲೇ. ಆಟ ಶುರು ಮಾಡುವ ಪಿಚರ್‌ಗಳಲ್ಲಿ ಯಾಂಕೀಸ್ ಕೈ ಮೇಲೆ. ವೇಟ್ ಹಾಯ್ಟ್ ಆ ವರ್ಷ 22 ಆಟ ಗೆದ್ದಿದ್ದ. ಹರ್ಬ್ ಪೆನಾಕ್, ಅರ್ಬನ್ ಶಾಕರ್ ಇಬ್ಬರೂ ನಂಬಿಕೆಯವರು. ಬ್ಯಾಟಿಂಗ್ ಹೊಗಳುವ ಭರದಲ್ಲಿ ಇವರನ್ನು ಎಲ್ಲರೂ ಮರೆಯುತ್ತಾರೆ. ವಿಲ್ಸಿ ಮೂರ್ ಅಂತೂ ಒಂದು ಅಚ್ಚರಿ. 30ನೇ ವಯಸ್ಸಿಗೆ ದೊಡ್ಡ ಲೀಗಿಗೆ ಬಂದು, ಹೆಚ್ಚಾಗಿ ಮಧ್ಯದಲ್ಲಿ ಇಳಿಯುತ್ತಲೇ 19 ಆಟ ಗೆದ್ದ. ಮುಂದೆ ಯಾವತ್ತೂ ಅವನಿಗೆ ಅಂಥ ವರ್ಷ ಸಿಗಲಿಲ್ಲ. ಆದರೆ ನಮ್ಮ ಮೇಜಿನ ಮೇಲೆ ಅವನಿಗೆ ಯಾವಾಗಲೂ 1927. ಈ ಆಟದ ಮೇಲೆ ನನಗೆ ಇಷ್ಟು ಪ್ರೀತಿ ಇರುವುದೇ ಇಂಥ ಕಾರ್ಡುಗಳಿಂದ.

ರೆಡ್ಸ್‌ಗೂ ಅಂಥ ಒಬ್ಬ ಇದ್ದಾನೆ. ಗ್ಯಾರಿ ನೋಲನ್ ಭುಜದ ನೋವಿನಿಂದ ಸುಮಾರು ಎರಡು ವರ್ಷ ಕಳೆದುಕೊಂಡು, 1975ರಲ್ಲಿ ಮರಳಿ ಬಂದು 15 ಆಟ ಗೆದ್ದ. ಡಾನ್ ಗಲೆಟ್ ಕೂಡ 15 ಗೆದ್ದ, ಸೋತದ್ದು ಬರೀ 4. ಗಲೆಟ್ ವಿಷಯದಲ್ಲಿ ನಮಗೆ ಜಗಳವೇ ಆಯಿತು. ಆ ವರ್ಷ ಚೆಂಡು ಬಡಿದು ಅವನ ಹೆಬ್ಬೆರಳು ಮುರಿದಿತ್ತು, ಸುಮಾರು ಎರಡು ತಿಂಗಳು ಆಡಿರಲಿಲ್ಲ. ಅವನ ಕಾರ್ಡನ್ನು ಲೀಗ್ ಪೂರ್ತಿ ಬಳಸಬಹುದಾ? ಕೊನೆಗೆ ಲೀಗಿನಲ್ಲಿ ಅವನಿಗೆ ಕಡಿಮೆ ಆಟ, ಫೈನಲ್‌ನಲ್ಲಿ ಮಿತಿ ಇಲ್ಲ ಅಂತ ಒಪ್ಪಿಕೊಂಡೆವು. ನಿಜವಾದ ವಿಶ್ವ ಸರಣಿಯಲ್ಲೂ ಅವನು ಆಡಿದ್ದ, ಹಾಗಾಗಿ ಇದು ಸರಿಯಾದ ದಾರಿ ಅನ್ನಿಸಿತು.

ಆದರೆ ರೆಡ್ಸ್‌ನ ಜೀವ ಇರುವುದು ಬುಲ್‌ಪೆನ್‌ನಲ್ಲಿ, ಅಂದರೆ ಮಧ್ಯದಲ್ಲಿ ಇಳಿಯುವ ಪಿಚರ್‌ಗಳಲ್ಲಿ. ಆಂಡರ್ಸನ್‌ಗೆ ಕ್ಯಾಪ್ಟನ್ ಹುಕ್ ಅಂತ ಅಡ್ಡಹೆಸರೇ ಇತ್ತು. ಪಿಚರ್ ಸ್ವಲ್ಪ ತಡವರಿಸಿದರೂ ಗಾಳ ಹಾಕಿ ಎಳೆದ ಹಾಗೆ ಹೊರಗೆ ತರುತ್ತಿದ್ದ. ಬಲಗೈಯ ರಾಲಿ ಈಸ್ಟ್‌ವಿಕ್, ಎಡಗೈಯ ವಿಲ್ ಮೆಕೆನೇನಿ ಅವನ ಆಯುಧಗಳು. 1975ರ ವಿಶ್ವ ಸರಣಿಯ ಏಳನೇ ಆಟದಲ್ಲಿ ಬೋಸ್ಟನ್ ರೆಡ್ ಸಾಕ್ಸ್ ವಿರುದ್ಧ ಕೊನೆಯ ಔಟ್ ತೆಗೆದವನು ಇದೇ ಮೆಕೆನೇನಿ.

ಈಗ ಯಾಂಕೀಸ್ ಸಾಲನ್ನು ಮತ್ತೆ ನೋಡಿ. ರೂತ್ ಎಡಗೈ. ಗೆರಿಗ್ ಎಡಗೈ. ಇಬ್ಬರೂ ಒಬ್ಬರ ಹಿಂದೆ ಒಬ್ಬರು. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಕಷ್ಟ ಅನ್ನುವುದು ಬೇಸ್‌ಬಾಲಿನ ಹಳೆಯ ಪಾಠ, ಕಾರ್ಡುಗಳೂ ಅದನ್ನು ಪಾಲಿಸುತ್ತವೆ. ಜಗತ್ತಿನ ಅತಿ ದೊಡ್ಡ ಇಬ್ಬರು ಹೊಡೆತಗಾರರಿಗೆ ಒಬ್ಬನೇ ಪಿಚರ್ ಸಾಕಾಗುತ್ತಾನೆ. ಅವನನ್ನು ಯಾವಾಗ ಇಳಿಸಬೇಕು ಅನ್ನುವುದಷ್ಟೇ ಪ್ರಶ್ನೆ. ಆವತ್ತು ಎಂಟನೇ ಇನಿಂಗ್ಸ್‌ನಲ್ಲಿ ನಾನು ಇಟ್ಟದ್ದು ಮೆಕೆನೇನಿ ಕಾರ್ಡ್. ಮೊದಲ ದಾಳ 5 ಬಿತ್ತು, ಅಂದರೆ ಪಿಚರ್ ಕಾರ್ಡ್. ರೂತ್ ಸ್ಟ್ರೈಕ್ ಔಟ್. ಗೆರಿಗ್‌ಗೆ 2 ಬಿತ್ತು, ಅವನದೇ ಕಾರ್ಡ್. ನನ್ನ ಉಸಿರೇ ನಿಂತಿತ್ತು. ಸೆಂಟರ್ ಫೀಲ್ಡ್‌ಗೆ ಎತ್ತರದ ಚೆಂಡು, ಜೆರೊನಿಮೊ ಹಿಡಿದ. ಒಂಬತ್ತನೇ ಇನಿಂಗ್ಸ್ ಈಸ್ಟ್‌ವಿಕ್ ಮುಗಿಸಿದ. ಮೊದಲ ಕಪ್ ರೆಡ್ಸ್‌ಗೆ.

ಐದು ಫೈನಲ್ ಮುಗಿದಾಗ ರೆಡ್ಸ್ ಮೂರು, ಯಾಂಕೀಸ್ ಎರಡು. ಈ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ. ಎರಡು ದಾಳ ಬೇರೆ ಬಿದ್ದಿದ್ದರೆ ತಿರುಗಾಮುರುಗಾ ಆಗುತ್ತಿತ್ತು. ನಾನು ನಂಬುವುದು ಆಡುವಾಗ ಕಂಡದ್ದನ್ನು. ಉದ್ದದ ಲೀಗಿನಲ್ಲಿ ಯಾಂಕೀಸ್ ಮೇಲೆ ಬರುವುದು ಸಹಜ. ಅಲ್ಲಿ ಯಾರೂ ದಿನಾ ದಿನಾ ಒಳ್ಳೆಯ ಎಡಗೈ ಪಿಚರ್‌ನನ್ನು ರೂತ್‌ಗೆ ಅಂತಲೇ ಉಳಿಸಿಡಲು ಆಗುವುದಿಲ್ಲ, ಪಿಚರ್‌ಗೆ ಸುಸ್ತಾಗುತ್ತದೆ. ಏಳು ಆಟದ ಫೈನಲ್‌ನಲ್ಲಿ ಹಾಗೆ ಉಳಿಸಿಡಬಹುದು. ಅಲ್ಲಿ ರೆಡ್ಸ್ ಆಡಿಸುವವನ ಕೈಗೆ ಉಪಾಯ ಜಾಸ್ತಿ.

ಒಂದು ಮಾತು ಉಳಿದಿದೆ, ಅದನ್ನು ಬಿಟ್ಟರೆ ಈ ಹೋಲಿಕೆ ಪ್ರಾಮಾಣಿಕ ಆಗುವುದಿಲ್ಲ. ಕಾರ್ಡು ತಯಾರಾಗುವುದು ಆ ವರ್ಷದ ಲೀಗಿನ ಮಟ್ಟದ ಮೇಲೆ. 1927ರ ಅಮೆರಿಕನ್ ಲೀಗಿನಲ್ಲಿ ಎಲ್ಲರ ಸರಾಸರಿ ಸುಮಾರು .285. 1975ರ ನ್ಯಾಷನಲ್ ಲೀಗಿನಲ್ಲಿ ಸುಮಾರು .257. ಹಾಗಾಗಿ ಕೂಂಬ್ಸ್‌ನ .356, ಮಾರ್ಗನ್‌ನ .327 ಎರಡೂ ತಮ್ಮ ತಮ್ಮ ಲೀಗಿಗಿಂತ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಇಲ್ಲಿವರೆಗೆ ಸರಿ. ಆದರೆ ಆ ಎರಡು ಲೀಗುಗಳು ಒಂದೇ ಅಲ್ವಲ್ಲ! 1927ರಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲು ತೆರೆದ ಜಾಕಿ ರಾಬಿನ್‌ಸನ್ ಬಂದದ್ದು 1947ರಲ್ಲಿ. ಮಾರ್ಗನ್, ಫಾಸ್ಟರ್, ಗ್ರಿಫಿಗೆ ಆ ಕಾಲದಲ್ಲಿ ಜಾಗವೇ ಇರುತ್ತಿರಲಿಲ್ಲ. ರೂತ್ ಎದುರಿಸಬೇಕಾಗಿದ್ದ ಎಷ್ಟೋ ಒಳ್ಳೆಯ ಪಿಚರ್‌ಗಳು ಆ ಲೀಗಿನ ಹೊರಗೇ ಉಳಿದರು. ಇದು ಯಾವ ಕಾರ್ಡಿನಲ್ಲೂ ಬರೆದಿರುವುದಿಲ್ಲ. ರೂತ್ ಮೇಲೆ ನನಗಿರುವ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಎರಡೂ ತಂಡ ಸಮ ಅನ್ನಿಸಿದಾಗ ನನ್ನ ಮನಸ್ಸು ರೆಡ್ಸ್ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಗೆಳೆಯ ಇದನ್ನು ಒಪ್ಪಿಲ್ಲ. ತಪ್ಪು ತಂಡದ್ದಲ್ಲ, ಸಾಲಿನದು ಅನ್ನುತ್ತಾನೆ ಅವನು. ಯಾಂಕೀಸ್ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ 1927ರಲ್ಲಿ ಇಟ್ಟ ಕ್ರಮವನ್ನೇ ನಾವು ಕಣ್ಣು ಮುಚ್ಚಿ ಇಟ್ಟುಕೊಂಡಿದ್ದೆವು. ಆರನೇ ಫೈನಲ್‌ಗೆ ಅವನು ರೂತ್ ಮತ್ತು ಗೆರಿಗ್ ನಡುವೆ ಬಲಗೈಯ ಮ್ಯೂಸೆಲ್‌ನನ್ನು ತರುತ್ತಾನಂತೆ. ಆಗ ಮೆಕೆನೇನಿಯನ್ನು ರೂತ್‌ಗೆ ಇಳಿಸಿದರೆ ಅವನು ಬಲಗೈಯ ಮ್ಯೂಸೆಲ್ ಕೈಗೂ ಸಿಗುತ್ತಾನೆ. ನಾನು ಈಗಾಗಲೇ ಎರಡು ಸಂಜೆ ಇದಕ್ಕೆ ಉತ್ತರ ಹುಡುಕುತ್ತಾ ಕಾರ್ಡು ಹರಡಿಕೊಂಡು ಕೂತಿದ್ದೇನೆ. ಸದ್ಯಕ್ಕೆ ಹೊಳೆದಿರುವುದು ಒಂದೇ: ಗಲೆಟ್‌ನನ್ನು ಏಳನೇ ಆಟಕ್ಕೆ ಉಳಿಸಿಡುವುದು.