ಪಿಯಾನೋದ ಅಗ್ರಾಫ್‌ಗೆ ಇಕ್ಕಳ ಹಾಕಲು ಬಿಡಬೇಡಿ

ನಿಮ್ಮ ಗ್ರ್ಯಾಂಡ್ ಪಿಯಾನೋದಲ್ಲಿ ಯಾವುದೋ ಒಂದು ಸ್ವರ ಝುಂಯ್ ಅನ್ನುತ್ತಿದೆಯಾ? ರಿಪೇರಿಗೆ ಬಂದವರು ತಂತಿ ಸಡಿಲಿಸದೆ, ತಂತಿಗಳನ್ನು ಹಿಡಿದಿಡುವ ಅಗ್ರಾಫ್ ಎಂಬ ತುಂಡಿಗೆ ಇಕ್ಕಳ ಹಾಕಲು ಹೊರಟರೆ ಅಲ್ಲೇ ತಡೆಯಿರಿ. ನಾನು ತಡೆಯಲಿಲ್ಲ. ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ.

ನನ್ನದು ಹಳೆಯ ಪಿಯಾನೋ. ನಡುಭಾಗದ ಒಂದು ಸ್ವರದಲ್ಲಿ, ಲೋಟದೊಳಗೆ ಸಿಕ್ಕಿಕೊಂಡ ಜೇನುಹುಳದಂಥ ಸದ್ದು ಬರುತ್ತಿತ್ತು. ಮೆಲ್ಲಗೆ ನುಡಿಸಿದರೆ ಇಲ್ಲ, ಜೋರಾಗಿ ನುಡಿಸಿದರೆ ಮಾತ್ರ. ಬಂದವರು ಐದು ನಿಮಿಷ ನೋಡಿ, "ಈ ಅಗ್ರಾಫ್ ಒಂಚೂರು ತಿರುಗಿದೆ, ನೇರ ಮಾಡಿದ್ರೆ ಸರಿಹೋಗುತ್ತೆ" ಅಂದರು. ಮೊದಲು ಸ್ಪ್ರೇ ಡಬ್ಬಿಯಿಂದ ಎಣ್ಣೆ ಹೊಡೆದರು. ಆಮೇಲೆ ಇಕ್ಕಳದಲ್ಲಿ ಹಿಡಿದು ತಿರುಗಿಸಿದರು. ಟಕ್ ಅಂತ ಸದ್ದಾಯಿತು. ಅಗ್ರಾಫ್‌ನ ತಲೆ ಮುರಿದು, ದಾರಕ್ಕೆ ಪೋಣಿಸಿದ ಮಣಿಯ ಹಾಗೆ ಆ ಸ್ವರದ ಮೂರು ತಂತಿಗಳ ಜೊತೆ ಮೇಲೆದ್ದು ನಿಂತಿತ್ತು. ಬುಡ ಕಬ್ಬಿಣದ ಒಳಗೇ ಉಳಿಯಿತು.

ಅಗ್ರಾಫ್ ಅಂದರೆ ಪುಟ್ಟ ಹಿತ್ತಾಳೆಯ ತುಂಡು. ಕೆಳಗೆ ಸ್ಕ್ರೂವಿನಂಥ ಬುಡ, ಮೇಲೆ ಚಪ್ಪಟೆ ತಲೆ, ತಲೆಯಲ್ಲಿ ತಂತಿ ತೂರುವ ತೂತುಗಳು. ನಡುಭಾಗದ ಸ್ವರಗಳಿಗೆ ಮೂರು ತೂತು, ಕೆಳಗಿನ ದಪ್ಪ ಸ್ವರಗಳಿಗೆ ಎರಡು ಅಥವಾ ಒಂದು. ಬುಡವನ್ನು ಪಿಯಾನೋದೊಳಗಿನ ಬೀಡು ಕಬ್ಬಿಣದ ಚೌಕಟ್ಟಿಗೆ, ಅಂದರೆ ಪ್ಲೇಟಿಗೆ, ತಿರುಗಿಸಿ ಕೂರಿಸಿರುತ್ತಾರೆ. ಹೆಚ್ಚಿನ ಗ್ರ್ಯಾಂಡ್‌ಗಳಲ್ಲಿ ತೀರಾ ಮೇಲಿನ ಸ್ವರಗಳಿಗೆ ಇದು ಇರುವುದಿಲ್ಲ. ಅಲ್ಲಿ ತಂತಿಗಳನ್ನು ಒತ್ತಿ ಹಿಡಿಯಲು ಒಂದೇ ಉದ್ದನೆಯ ಕಬ್ಬಿಣದ ಪಟ್ಟಿ ಇರುತ್ತದೆ.

ಸುಮ್ನೆ ತಂತಿ ಹಾದುಹೋಗುವ ತೂತು ಅಂತ ನಾನು ಅಂದುಕೊಂಡಿದ್ದೆ. ಆದರೆ ತಂತಿಯ ನುಡಿಯುವ ಭಾಗ ಶುರುವಾಗುವುದೇ ಆ ತೂತಿನ ಅಂಚಿನಿಂದ. ಆ ಕಡೆ ಬ್ರಿಜ್ (ತಂತಿಯ ಕಂಪನವನ್ನು ಕೆಳಗಿನ ಹಲಗೆಗೆ ದಾಟಿಸುವ ಮರದ ಪಟ್ಟಿ), ಈ ಕಡೆ ಅಗ್ರಾಫ್, ನಡುವೆ ಇರುವುದಷ್ಟೇ ಸ್ವರ. ಮೂರು ತಂತಿಗಳ ನಡುವಿನ ಅಂತರ, ಎತ್ತರ ಎಲ್ಲ ಅದರ ಹಿಡಿತದಲ್ಲೇ ಇರುತ್ತದೆ. ಗ್ರ್ಯಾಂಡ್‌ನಲ್ಲಿ ಹ್ಯಾಮರ್ ಕೆಳಗಿನಿಂದ ಹೊಡೆಯುತ್ತದೆ ಅಲ್ವಾ, ಆ ಏಟಿಗೆ ತಂತಿ ಮೇಲಕ್ಕೆ ಜಿಗಿಯದಂತೆ ಹಿಡಿಯುವುದೂ ಇದೇ. ಪ್ಯಾರಿಸ್‌ನಲ್ಲಿ ಪಿಯಾನೋ ತಯಾರಿಸುತ್ತಿದ್ದ ಸೆಬಾಸ್ಟಿಯನ್ ಎರಾರ್ 1808ರಲ್ಲಿ ಇದನ್ನು ತಂದರು. ಇಂದಿಗೂ ಅದರ ಕೆಲಸ ಬದಲಾಗಿಲ್ಲ.

ಈಗ ಎಳೆತದ ಲೆಕ್ಕ ನೋಡಿ. ಒಂದು ತಂತಿ ಸುಮಾರು 70 ಕಿಲೋ ತೂಕದಷ್ಟು ಬಿಗಿಯಾಗಿರುತ್ತದೆ. ಮೂರು ತಂತಿ ಸೇರಿದರೆ 200 ಕಿಲೋ ದಾಟುತ್ತದೆ. ಅಷ್ಟು ಬಿಗಿಯಲ್ಲಿ ಹತ್ತಾರು ವರ್ಷ ನಿಂತ ಹಿತ್ತಾಳೆಯನ್ನು ಇಕ್ಕಳದಲ್ಲಿ ತಿರುಚಿದರೆ ಇನ್ನೇನಾಗುತ್ತದೆ?

ಇಷ್ಟಕ್ಕೇ ನಿಂತಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಒಳಗೆ ಉಳಿದ ಬುಡ ತೆಗೆಯಲು ಅವರು ಮಾಮೂಲಿ ಡ್ರಿಲ್ ಹಾಕಿದರು. ಮುರಿದ ಜಾಗ ಏರುಪೇರಾಗಿತ್ತು. ಬಿಟ್ ಪಕ್ಕಕ್ಕೆ ಜಾರಿ ಪ್ಲೇಟಿನ ಥ್ರೆಡ್ಡನ್ನೇ ತಿಂದುಹಾಕಿತು. ಪ್ಲೇಟಿನ ತೂತು ಕೆಟ್ಟರೆ ಅಂಗಡಿಯಿಂದ ಹೊಸ ಪ್ಲೇಟ್ ತಂದು ಹಾಕುವ ಹಾಗಿಲ್ಲ. ಇಡೀ ಪಿಯಾನೋದ ತಂತಿಗಳ ಹತ್ತಾರು ಟನ್ ಎಳೆತ ಹೊತ್ತು ನಿಂತಿರುವುದು ಅದೇ ಪ್ಲೇಟ್.

ಆಮೇಲೆ ಬಂದ ಇನ್ನೊಬ್ಬ ತಂತ್ರಜ್ಞರು ಮುರಿದ ತಲೆಯನ್ನು ದೀಪದ ಕೆಳಗೆ ತೋರಿಸಿದರು. ಎರಡು ತೂತಿನ ಅಂಚು ನುಣ್ಣಗೆ, ದುಂಡಗೆ ಇತ್ತು. ಮೂರನೆಯದರಲ್ಲಿ ತಂತಿ ಕೊರೆದ ಸಣ್ಣ ಗೀರು. ಝುಂಯ್ ಸದ್ದಿನ ಮೂಲ ಅದು. ತಂತಿ ಸಡಿಲಿಸಿ, ತೂತಿನ ಅಂಚನ್ನು ಉಜ್ಜಿ ನುಣುಪು ಮಾಡಿದ್ದರೆ ಮುಗಿಯುತ್ತಿತ್ತು ಅಂದರು. ಅಗ್ರಾಫ್ ನಿಜಕ್ಕೂ ಸೊಟ್ಟಗಿದ್ದರೂ ಬಲ ಹಾಕಿ ತಿರುಗಿಸುವುದಿಲ್ಲವಂತೆ. ಬಿಚ್ಚಿ, ಅಡಿಗೆ ತೆಳ್ಳನೆಯ ವಾಷರ್ ಇಟ್ಟು, ಬಿಗಿಯಾಗುವ ಹೊತ್ತಿಗೆ ತೂತುಗಳು ತಂತಿಯ ನೇರಕ್ಕೆ ಬರುವಂತೆ ನೋಡಿಕೊಳ್ಳುತ್ತಾರೆ. ಮುರಿದ ಬುಡ ತೆಗೆಯಲು ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಇದೆ. ಮೊದಲು ಮೇಲ್ಮೈ ಸಮ ಮಾಡಿ, ನಟ್ಟನಡುವೆ ಗುರುತು ಹಾಕಿ ಕೊರೆಯಬೇಕು. ಎಷ್ಟೋ ಸಲ ಕೊರೆಯುತ್ತಿರುವಾಗಲೇ ಬುಡ ತಾನಾಗಿ ತಿರುಗಿ ಹೊರಬರುತ್ತದೆ. ನನ್ನ ಪ್ಲೇಟಿನ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ದಪ್ಪ ಬುಡದ ಅಗ್ರಾಫ್ ಕೂರಿಸಬೇಕಾಯಿತು. ಮೂರು ತಂತಿಯೂ ಹೊಸದು. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಟ್ಯೂನ್ ಮಾಡಿಸಿದೆ.

ನಿಮ್ಮ ಪಿಯಾನೋಗೂ ಇಂಥ ಸದ್ದು ಬಂದರೆ ಮೊದಲು ಒಳಗೆ ಪೆನ್ಸಿಲ್, ಪಿನ್ ಏನಾದರೂ ಬಿದ್ದಿದೆಯಾ, ಮುಚ್ಚಳದ ಹಿಂಜ್ ಸಡಿಲವಾಗಿದೆಯಾ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಆಮೇಲೆ ಬಂದವರನ್ನು ಕೇಳಿ: ಎಷ್ಟು ಅಗ್ರಾಫ್ ಬದಲಿಸಿದ್ದೀರಿ? ಬುಡ ಮುರಿದರೆ ಹೇಗೆ ತೆಗೆಯುತ್ತೀರಿ? ಈ ಎರಡನೇ ಪ್ರಶ್ನೆಗೆ ತಡಬಡಾಯಿಸಿದರೆ ಕೆಲಸ ಕೊಡಬೇಡಿ. ಸ್ಪ್ರೇ ಡಬ್ಬಿ ತೆಗೆದರೆ ಕೈ ಹಿಡಿದು ನಿಲ್ಲಿಸಿ.

ಎಣ್ಣೆಯ ವಿಷಯ ಒತ್ತಿ ಹೇಳಬೇಕು. ತಂತಿಯ ತುದಿ ಸುತ್ತಿ ಬಿಗಿಮಾಡುವ ಟ್ಯೂನಿಂಗ್ ಪಿನ್‌ಗಳಿಗೆ ಅಗ್ರಾಫ್‌ನಿಂದ ದೂರ ಜಾಸ್ತಿ ಇಲ್ಲ. ಅಂದು ಹೊಡೆದ ಎಣ್ಣೆ ತಂತಿಗುಂಟ ಹರಿದು, ಪಿನ್ ಸುತ್ತ ಮರಕ್ಕೆ ಇಳಿದಿದೆ. ಪಿನ್ ಅಲುಗದೆ ನಿಲ್ಲುವುದು ಆ ಮರದ ಬಿಗಿಯಿಂದ ಮಾತ್ರ. ಅಗ್ರಾಫ್ ಸರಿಹೋಯಿತು, ತಂತಿ ಹೊಸದಾಯಿತು. ಆದರೆ ಅದರ ಸುತ್ತಲಿನ ಐದು ಪಿನ್‌ಗಳು ಈಗಲೂ ಶ್ರುತಿ ಹಿಡಿಯುತ್ತಿಲ್ಲ. ಇವತ್ತು ಸರಿ ಮಾಡಿದರೆ ಎರಡು ವಾರಕ್ಕೆ ಇಳಿದಿರುತ್ತದೆ.