ಮೈಸೂರಲ್ಲಿ ಬಾಡಿಗೆ ಮನೆ: ಅಗ್ರಹಾರವೋ, ಬೋಗಾದಿಯೋ?

ಮೊದಲು ಊರ ನಡುವಿನ ಹಳೇ ಬಡಾವಣೆ ಅಗ್ರಹಾರದ ಸುತ್ತ ಒಮ್ಮೆ ಓಡಾಡಿ. ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಬಹುದು. ಬೆಳಿಗ್ಗೆ ಅಲ್ಲಿ ಮಲ್ಲಿಗೆಯನ್ನು ಮೊಳ ಹಾಕಿ ಕೊಡುತ್ತಾರೆ, ಪಕ್ಕದಲ್ಲೇ ವೀಳ್ಯದೆಲೆ ಕಟ್ಟು, ರಸಬಾಳೆ. ನಗರ ಬಸ್ ನಿಲ್ದಾಣ, ಕೆ.ಆರ್. ಆಸ್ಪತ್ರೆ ಎಲ್ಲ ಹತ್ತಿರ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಇದು ಸಣ್ಣ ಮಾತಲ್ಲ.

ತೊಂದರೆಯೂ ಇದೆ. ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ದಸರಾ ಬಂತೆಂದರೆ ಸಯ್ಯಾಜಿರಾವ್ ರಸ್ತೆ ಕಡೆ ತಲೆ ಹಾಕುವ ಹಾಗಿಲ್ಲ. ಹಳೇ ಮನೆಯಾದರೆ ಸೂರು, ಗೋಡೆ ಚೆನ್ನಾಗಿ ನೋಡಿಯೇ ಮುಂಗಡ ಕೊಡಿ. ಹತ್ತಿರದಲ್ಲೇ ಇರುವ ಹಳೇ ಅಂಗಡಿ ಸಾಲು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಇವೆರಡನ್ನೂ ಕೆಡವಬೇಕೋ ಉಳಿಸಬೇಕೋ ಎಂಬ ಜಗ್ಗಾಟದಲ್ಲೇ ವರ್ಷಗಳು ಕಳೆದವು. ದುರಸ್ತಿ ಮಾಡಿ ಉಳಿಸಲೇಬೇಕು ಅನ್ನುವವನು ನಾನು. ಊರಿನ ಜೀವ ಇರುವುದೇ ಅಲ್ಲಿ ಅಲ್ವಾ?

ಊರಂಚಿನ ಬೋಗಾದಿ, ವಿಜಯನಗರ ನಾಲ್ಕನೇ ಹಂತದ ಕಡೆ ಗಾಳಿ ಬೆಳಕು ಜಾಸ್ತಿ. ಮೈಸೂರಿನದೇ ಕೈಗಾರಿಕಾ ಪ್ರದೇಶವಾದ ಹೆಬ್ಬಾಳದ ಕಂಪನಿಗಳಿಗೆ ರಿಂಗ್ ರಸ್ತೆ ಹಿಡಿದರೆ ಸಾಕು. ಆದರೆ ನೀರು ಕಾವೇರಿಯದೋ, ಬೋರ್‌ವೆಲ್‌ನದೋ ಕೇಳಿಕೊಳ್ಳಿ. ಸ್ಕೂಟರ್ ಇಲ್ಲದೆ ಆಗಲ್ಲ.

ಕೆಲಸ ಹೆಬ್ಬಾಳದಲ್ಲಿದ್ದರೆ ಬೋಗಾದಿ. ಮಿಕ್ಕವರಿಗೆ ನಾನು ಅಗ್ರಹಾರವನ್ನೇ ಹೇಳುತ್ತೇನೆ. ದೊಡ್ಡ ರಸ್ತೆ ಬಿಟ್ಟು ಒಳಗಿನ ಬೀದಿಗಳಲ್ಲಿ ಹುಡುಕಿ.