‘ಸಹಿ ಇದೆ’ ಎಂದರೆ ಅವನೇ ಸಹಿ ಹಾಕಿದ್ದಾನೆ ಎಂದಲ್ಲ: ಹರಾಜಿನಲ್ಲಿ ಹಳೆಯ ಚಿತ್ರ ಕೊಳ್ಳುವವರು ಓದಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ. ಆಸೆಪಟ್ಟವನು ನಾನು, ಆತುರಪಟ್ಟವನು ನಾನು, ಹೋದ 4,492 ಪೌಂಡ್ ನನ್ನದು. ಆದರೂ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರಲ್ಲಿ ಕನಿಷ್ಠ ಮೂವರು ಹಳೆಯ ಚಿತ್ರಗಳ ಹರಾಜಿಗೆ ಕೈಹಾಕಿದ್ದಾರೆ, ಅವರಲ್ಲಿ ಇಬ್ಬರಿಗೆ ಆ ಹುಚ್ಚು ಹಿಡಿಸಿದವನು ನಾನೇ. ಅವರು ಮುಳುಗುವ ಮೊದಲು ನಾನು ಮುಳುಗಿದ್ದನ್ನು ಹೇಳಬೇಕು.

ನನಗೆ ಹುಚ್ಚು ಹಿಡಿಸಿದ್ದು ಲಾರೆನ್ಸ್ ಆಲ್ಮಾ-ಟಡೇಮಾ. ನೆದರ್ಲೆಂಡ್ಸಿನಲ್ಲಿ ಹುಟ್ಟಿ, 1870ರಲ್ಲಿ ಲಂಡನ್ನಿಗೆ ಬಂದು ನೆಲೆಸಿ, ರೋಮನ್ನರ ಅಂಗಳ, ಸ್ನಾನದ ಮನೆ, ಹಬ್ಬಗಳನ್ನು ತಾನೇ ಅಲ್ಲಿ ನಿಂತು ಕಂಡವನ ಹಾಗೆ ಬರೆದ ಚಿತ್ರಕಾರ. ಅವನು ಬರೆದ ಅಮೃತಶಿಲೆಯನ್ನು ನೋಡಿದರೆ ಕೂರಲು ತಣ್ಣಗಿದ್ದೀತು ಅನ್ನಿಸುತ್ತದೆ. ಬದುಕಿದ್ದಾಗ ಅವನಿಗೆ ಸಿಕ್ಕ ಹಣ, ಮಾನ ಸಾಮಾನ್ಯದ್ದಲ್ಲ, ಸರ್ ಪದವಿಯೂ ಬಂದಿತ್ತು. 1912ರಲ್ಲಿ ಅವನು ಸತ್ತ ಮೇಲೆ ಕಾಲ ಬದಲಾಗಿ, ಅದೇ ಚಿತ್ರಗಳನ್ನು ಕೇಳುವವರೇ ಇಲ್ಲವಾದರು. ‘ಮೋಶೆ ದೊರಕಿದ್ದು’ ಎಂಬ ಅವನ 1904ರ ದೊಡ್ಡ ಚಿತ್ರದ ಜಾತಕ ನೋಡಿ. ಬರೆಸಿಕೊಂಡವರು ಕೊಟ್ಟದ್ದು 5,250 ಪೌಂಡ್. 1935ರಲ್ಲಿ 861. 1942ರಲ್ಲಿ 265. 1960ರಲ್ಲಿ ಹರಾಜು 252ಕ್ಕೆ ನಿಂತು, ಮಾರಾಟವಾಗದೆ ಚಿತ್ರ ವಾಪಸ್ಸಾಯಿತು. ಅದೇ ಚಿತ್ರ 1995ರಲ್ಲಿ ನ್ಯೂಯಾರ್ಕಿನಲ್ಲಿ ಹದಿನೇಳೂವರೆ ಲಕ್ಷ ಪೌಂಡಿಗೆ ಹೋಯಿತು. 2010ರ ನವೆಂಬರಿನಲ್ಲಿ, ಮತ್ತೆ ನ್ಯೂಯಾರ್ಕಿನಲ್ಲೇ, ಸುಮಾರು 3.59 ಕೋಟಿ ಡಾಲರ್!

ಈ ಲೆಕ್ಕವನ್ನು ಓದಿದ ದಿನದಿಂದ ನಾನು ಕೆಟ್ಟೆ. ಯಾರದೋ ಅಟ್ಟದಲ್ಲಿ, ಯಾವುದೋ ಸಣ್ಣ ಊರಿನ ಹರಾಜಿನಲ್ಲಿ, ಯಾರೂ ಗುರುತಿಸದೆ ಬಿಟ್ಟ ಒಂದು ಚಿತ್ರ ನನಗಾಗಿಯೇ ಕಾಯುತ್ತಿದೆ ಎಂದು ನಂಬಿಬಿಟ್ಟೆ. ಇಂಥ ನಂಬಿಕೆಯವರಿಗಾಗಿಯೇ ಅಲ್ಲಿ ಬಲೆ ಹಾಕಿರುತ್ತಾರೆ ಎಂದು ಹೊಳೆಯಲಿಲ್ಲ.

ಹೆಸರು ಹೇಳುವುದಿಲ್ಲ. ಒಂದು ಸಣ್ಣ ಪೇಟೆಯ ಹರಾಜು ಮನೆ. ಕ್ಯಾಟಲಾಗಿನಲ್ಲಿ ಹೀಗಿತ್ತು: ‘ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಶೈಲಿ. ಅಮೃತಶಿಲೆಯ ಆಸನದ ಮೇಲೆ ಸ್ತ್ರೀಯರು, ಹಿಂದೆ ಸಮುದ್ರ. ಕ್ಯಾನ್ವಾಸಿನ ಮೇಲೆ ತೈಲವರ್ಣ. ಬೇರ್ಸ್ ಸಿಗ್ನೇಚರ್ ಎಲ್ ಆಲ್ಮಾ-ಟಡೇಮಾ, ಓಪಸ್ ಸಂಖ್ಯೆ ಸಹಿತ. ಅಂದಾಜು 800ರಿಂದ 1,200 ಪೌಂಡ್.’

ಬೇರ್ಸ್ ಸಿಗ್ನೇಚರ್. ಈ ಎರಡು ಪದಗಳನ್ನು ನಾನು ‘ಸಹಿ ಇದೆ’ ಎಂದು ಓದಿಕೊಂಡೆ. ಓದಿ ಎದ್ದು ಕುಳಿತೆ. ಸಹಿ ಇದೆ! ಓಪಸ್ ಸಂಖ್ಯೆಯೂ ಇದೆ! ಆಲ್ಮಾ-ಟಡೇಮಾ ತನ್ನ ಚಿತ್ರಗಳ ಮೇಲೆ ರೋಮನ್ ಅಂಕಿಯಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದ, ನಕಲಿ ಮಾಡುವವರಿಗೆ ಅದರಿಂದ ಕಷ್ಟವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದೇ ಈಗ ಹೊಟ್ಟೆ ಉರಿಸುವ ಸಂಗತಿ. ಪೂರ್ತಿ ಗೊತ್ತಿರಲಿಲ್ಲ, ಅರ್ಧ ಗೊತ್ತಿತ್ತು.

ಹರಾಜಿನ ಹಿಂದಿನ ದಿನ ಫೋನ್ ಮಾಡಿದೆ. ಸೌಮ್ಯವಾದ ದನಿಯ ಒಬ್ಬ ಮಹಿಳೆ. “ಇದು ಅವನೇ ಬರೆದದ್ದೋ?” ಎಂದು ನೇರವಾಗಿ ಕೇಳಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, “ನಾವು ವಿವರಣೆಯನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಬರೆದಿದ್ದೇವೆ. ಕೊಳ್ಳುವವರು ತಮ್ಮ ಅಭಿಪ್ರಾಯಕ್ಕೆ ತಾವೇ ಬರಬಹುದು,” ಎಂದರು. ಆ ಮಾತಿನಲ್ಲಿ ಒಂದು ಸುಳ್ಳೂ ಇಲ್ಲ, ನೋಡಿ. ಆದರೆ ನನ್ನ ಕಿವಿಗೆ ಅದು ಹೇಗೆ ಕೇಳಿಸಿತು? ‘ನಮಗೂ ಅನುಮಾನವಿದೆ, ಬಹಿರಂಗವಾಗಿ ಹೇಳುವಂತಿಲ್ಲ, ಜಾಣರಾದರೆ ತೆಗೆದುಕೊಳ್ಳಿ’ ಎಂದು ಕಣ್ಣು ಮಿಟುಕಿಸಿದ ಹಾಗೆ ಕೇಳಿಸಿತು. ಆಕೆ ಕಣ್ಣು ಮಿಟುಕಿಸಿರಲಿಲ್ಲ. ಮಿಟುಕಿಸಿದ್ದಾರೆಂದು ಅಂದುಕೊಳ್ಳಲು ನನಗೆ ಜಾಗ ಬಿಟ್ಟಿದ್ದರು, ಅಷ್ಟೇ.

ಅಂತರ್ಜಾಲದಲ್ಲಿ ಹುಡುಕಿದಾಗ ‘ಸಿಲ್ವರ್ ಫೇವರಿಟ್ಸ್’ ಎಂಬ ಅವನ 1903ರ ಚಿತ್ರ ಸಿಕ್ಕಿತು. ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿದೆ, ಮೀನುಗಳಿಗೆ ಆಹಾರ ಹಾಕುವ ಹೆಂಗಸರು, ಅಮೃತಶಿಲೆ, ನೀಲಿ ಸಮುದ್ರ. ಹರಾಜಿಗಿದ್ದ ಚಿತ್ರ ಅದರದೇ ಒಂದು ತುಂಡಿನ ಹಾಗಿತ್ತು. ಬುದ್ಧಿ ನೆಟ್ಟಗಿದ್ದವನು ‘ಇದು ಅದರ ನಕಲು’ ಎನ್ನುತ್ತಿದ್ದ. ನಾನು ‘ಇದು ದೊಡ್ಡ ಚಿತ್ರಕ್ಕೆ ಮೊದಲು ಬರೆದುಕೊಂಡ ಪೂರ್ವಚಿತ್ರ’ ಎಂದು ತೀರ್ಮಾನಿಸಿದೆ. ಹೆಂಡತಿ ಹಿಂದಿನಿಂದ ಬಂದು ಪರದೆ ನೋಡಿ, “ಅಷ್ಟು ಬೆಲೆಬಾಳುವುದಾದರೆ ಅವರೇ ಯಾಕೆ ಲಂಡನ್ನಿಗೆ ಕಳುಹಿಸಲಿಲ್ಲ?” ಎಂದಳು. ಇಂಥ ಪ್ರಶ್ನೆಗೆ ಆಗ ನನ್ನ ಬಳಿ ಉತ್ತರ ಸಿದ್ಧವಿತ್ತು: ಅವರಿಗೆ ತಿಳಿಯುವುದಿಲ್ಲ.

ನಮ್ಮಪ್ಪ ಶಿರಸಿಯಲ್ಲಿ ನಲವತ್ತು ವರ್ಷ ಅಡಿಕೆ ಮಾರಿದವರು. ಅಲ್ಲಿ ವ್ಯಾಪಾರಿ ಚೀಲಕ್ಕೆ ಕೈ ತೂರಿಸಿ ತಳದ ಅಡಿಕೆ ಎತ್ತಿ, ಎರಡು ಕತ್ತರಿಸಿ ನೋಡದೆ ದರ ಬರೆಯುವುದಿಲ್ಲ. ಅಂಥವರ ಮಗ ನಾನು, ಚಿತ್ರದ ಹಿಂಬದಿಯ ಒಂದು ಫೋಟೊ ಕೂಡ ಕೇಳದೆ, ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ದೋಸೆ ತಿನ್ನುತ್ತ ಮೊಬೈಲಿನಲ್ಲಿ ಸವಾಲು ಕೂಗಿದೆ. 600ರಿಂದ ಶುರುವಾಯಿತು. 1,200 ದಾಟಿದಾಗ ಇಬ್ಬರೇ ಉಳಿದೆವು. 2,600. 2,800. ಎದುರಿನವನು ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ. ಆದರೆ ಅವನು ಏರಿಸಿದಷ್ಟೂ ‘ಅವನಿಗೂ ಗೊತ್ತು’ ಎಂದು ನನ್ನ ನಂಬಿಕೆ ಗಟ್ಟಿಯಾಯಿತು. 3,200ಕ್ಕೆ ಸುತ್ತಿಗೆ ಬಿತ್ತು.

ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆ ಎಂದು ತಿಳಿಯಬೇಡಿ. ಅದರ ಮೇಲೆ ಕೊಳ್ಳುವವರ ಪ್ರೀಮಿಯಂ, ಅಂದರೆ ಹರಾಜು ಮನೆ ಕೊಂಡವನಿಂದ ಹಿಡಿಯುವ ಶುಲ್ಕ, ಶೇ. 25, ಅದಕ್ಕೆ ವ್ಯಾಟ್ ಸೇರಿ 960 ಪೌಂಡ್. ಆನ್‌ಲೈನ್ ಮೂಲಕ ಕೂಗಿದ್ದಕ್ಕೆ ಇನ್ನೂ ಶೇ. 5, ವ್ಯಾಟ್ ಸೇರಿ 192. ಸಾಗಾಟ 140. ಇವೆಲ್ಲ ನಿಯಮಗಳಲ್ಲಿ ಬರೆದಿದ್ದವು, ನಾನೇ ಓದಿರಲಿಲ್ಲ, ಆ ಭಾಗಕ್ಕೆ ಅವರನ್ನು ಬೈಯುವುದಿಲ್ಲ.

ಚಿತ್ರ ಮನೆಗೆ ಬರಲು ಹದಿನೆಂಟು ದಿನ ಹಿಡಿಯಿತು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಹಳೆಯ ಚಿನ್ನದ ಬಣ್ಣದ ಚೌಕಟ್ಟು, ಹಿಂದೆ ಕಂದು ಕಾಗದ ಅಂಟಿಸಿ ಮುಚ್ಚಿತ್ತು. ಬಲಗಡೆ ಕೆಳಗೆ ಸಹಿ, ಪಕ್ಕದಲ್ಲಿ ಓಪಸ್ ಎಂದು ಬರೆದು ನಾಲ್ಕು ಸಿ, ಒಂದು ಎಕ್ಸ್, ಒಂದು ವಿ, ಒಂದು ಐ. ಹಾಲ್‌ನಲ್ಲಿ ದೀಪ ಹಾಕಿಸಿ ತೂಗುಹಾಕಿದೆ. ಅದಾಗಿ ಎರಡು ವಾರಕ್ಕೆ ನಾಲ್ಕು ಕುಟುಂಬಗಳನ್ನು ಊಟಕ್ಕೆ ಕರೆದೆ. ಕರೆದದ್ದು ಊಟಕ್ಕಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಚಿತ್ರದ ಮುಂದೆ ನಿಂತು 252 ಪೌಂಡಿನ ಕಥೆ ಹೇಳಿದೆ, ಮೂರೂವರೆ ಕೋಟಿ ಡಾಲರಿನ ಕಥೆ ಹೇಳಿದೆ, ಓಪಸ್ ಸಂಖ್ಯೆಯ ಗುಟ್ಟು ಹೇಳಿದೆ. ಗೆಳೆಯನ ಮಗ, ಹದಿಮೂರು ವರ್ಷದವನು, ಮೊಬೈಲ್ ನೋಡುತ್ತ ಸೋಫಾದ ತುದಿಯಲ್ಲಿ ಕುಳಿತಿದ್ದ. ಎದ್ದು ಬಂದು ಚಿತ್ರದ ಮೂಲೆಗೆ ಮೂಗು ಹಚ್ಚಿ ಬೆರಳಿನಲ್ಲಿ ಎಣಿಸಿದ. “ಅಂಕಲ್, ಇದು 416 ಅಲ್ಲವೇ?” ಹೌದಪ್ಪ ಎಂದೆ, ಜಾಣ ಹುಡುಗ ಎಂದು ಬೆನ್ನು ತಟ್ಟಿದೆ ಕೂಡ. “ಆದರೆ ಅವರು ಸಾಯುವ ವರ್ಷ ಬರೆದ ಕೊನೆಯ ಚಿತ್ರ 408 ಎಂದು ಇಲ್ಲಿದೆ.”

ಯಾರೂ ಮಾತಾಡಲಿಲ್ಲ. ಅವನ ಅಮ್ಮ “ಸುಮ್ಮನಿರೋ” ಎಂದು ಗದರಿದರು. ನನ್ನ ಹೆಂಡತಿ ಒಳಗೆ ಹೋಗಿ ಪಾಯಸ ಬಿಸಿಮಾಡಲು ಶುರುಮಾಡಿದಳು. ನಾನು ಅವನ ಕೈಯಿಂದ ಮೊಬೈಲ್ ತೆಗೆದುಕೊಂಡು ಓದಿದೆ. ಒಂದನೇ ಓಪಸ್ 1851ರಲ್ಲಿ ಬರೆದ ತನ್ನ ಅಕ್ಕನ ಭಾವಚಿತ್ರ, ಕೊನೆಯದು 1912ರಲ್ಲಿ ಬರೆದದ್ದು, ನಾಲ್ಕು ಸಿ, ಒಂದು ವಿ, ಮೂರು ಐ. 408. ಸತ್ತ ಮೇಲೆ ಎದ್ದು ಬಂದು ಇನ್ನೂ ಎಂಟು ಚಿತ್ರ ಬರೆದಿದ್ದರೆ ಮಾತ್ರ ನನ್ನದು ಅವನದು. ನಕಲಿಯನ್ನು ಹಿಡಿದುಕೊಡುವ ಅಂಕಿಯನ್ನು ಅವನೇ ಹಾಕಿಟ್ಟು ಹೋಗಿದ್ದ. ಅದನ್ನು ನಾನು ಎಣಿಸಿದ್ದೆ, ಹೋಲಿಸಿರಲಿಲ್ಲ. ಆ ಪಾಯಸದ ರುಚಿ ಹೇಗಿತ್ತೆಂದು ಕೇಳಬೇಡಿ.

ಮುಂದಿನ ವಾರ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರೊಬ್ಬರ ಬಳಿ ಒಯ್ದೆ. ಅವರು ಮೊದಲು ಮುಂಭಾಗವನ್ನು ನೋಡಲೇ ಇಲ್ಲ, ತಿರುಗಿಸಿ ಕಂದು ಕಾಗದ ಹರಿದರು. ಒಳಗೆ ಹಳೆಯ ಮರದ ಚೌಕ, ತುಕ್ಕು ಹಿಡಿದ ಮೊಳೆಗಳು, ಅದರ ಮೇಲೆ ಬಿಳಿ ಬಿಳಿ ಹೊಸ ಕ್ಯಾನ್ವಾಸಿನ ಅಂಚು. ಆಮೇಲೆ ನನ್ನ ಕೈಗೆ ಭೂತಗನ್ನಡಿ ಕೊಟ್ಟು, ಬಣ್ಣ ತೆಳುವಾಗಿದ್ದ ಸಮುದ್ರದ ಜಾಗವನ್ನು ತೋರಿಸಿದರು. ಚುಕ್ಕೆಗಳು. ಸಾಲು ಸಾಲು ಸಣ್ಣ ನೀಲಿ, ಕೆಂಪು, ಹಳದಿ ಚುಕ್ಕೆಗಳು, ದಿನಪತ್ರಿಕೆಯ ಫೋಟೊದಲ್ಲಿರುವ ಹಾಗೆ. ಮುದ್ರಿಸಿದ ಕ್ಯಾನ್ವಾಸು! ಅದರ ಮೇಲೆ ಮುಖಕ್ಕೆ, ಸೀರೆಯಂಥ ನಿರಿಗೆಗಳಿಗೆ, ಹೂವಿಗೆ ಅಲ್ಲಲ್ಲಿ ತೈಲವರ್ಣ ಹಚ್ಚಿ, ಬಿರುಕು ಮೂಡಿಸುವ ವಾರ್ನಿಷ್ ಬಳಿದಿದ್ದರು. ಆ ವಾರ್ನಿಷ್ ಚಿತ್ರಸಾಮಗ್ರಿಯ ಅಂಗಡಿಯಲ್ಲೇ ಸಿಗುತ್ತದಂತೆ.

ನಮ್ಮಜ್ಜಿಯ ಮನೆಯಲ್ಲಿ ರವಿವರ್ಮನ ಮುದ್ರಣಾಲಯದ ಲಕ್ಷ್ಮಿಯ ಪಟವಿತ್ತು. ಸೀರೆಗೆ ಜರಿ, ಕೊರಳಿಗೆ ಮಣಿ ಅಂಟಿಸಿ ಅಜ್ಜಿಯೇ ಸಿಂಗರಿಸಿದ್ದರು. ಮುದ್ರಿತ ಪಟದ ಮೇಲೆ ಕೈಕೆಲಸ ಮಾಡುವುದು ನನಗೆ ಹೊಸದಲ್ಲ. ಅಜ್ಜಿ ಅದರ ಮೂಲೆಯಲ್ಲಿ ರವಿವರ್ಮನ ಸಹಿ ಹಾಕಿ ಮಾರಲಿಲ್ಲ, ವ್ಯತ್ಯಾಸ ಅಷ್ಟೇ.

ಈಗ ಹರಾಜು ಮನೆಯವರ ಉತ್ತರಗಳು. ಪ್ರತಿಯೊಂದೂ ‘ಆತ್ಮೀಯ ವಂದನೆಗಳು’ ಎಂದೇ ಮುಗಿಯುತ್ತಿತ್ತು.

ಮೊದಲನೆಯದು: ‘ಬೇರ್ಸ್ ಸಿಗ್ನೇಚರ್ ಎಂದರೆ ಆ ಹೆಸರಿನ ಸಹಿಯೊಂದು ಚಿತ್ರದ ಮೇಲೆ ಕಾಣುತ್ತದೆ, ಅದು ನಮ್ಮ ಅಭಿಪ್ರಾಯದಲ್ಲಿ ಆ ಕಲಾವಿದರದ್ದಲ್ಲದಿರಬಹುದು ಎಂದರ್ಥ. ನಿಯಮಗಳ ಕೊನೆಯಲ್ಲಿರುವ ಪದಕೋಶವನ್ನು ನೋಡಿ.’ ನೋಡಿದೆ. ಇದೆ. ಅವನೇ ಹಾಕಿದ ಸಹಿ ಎಂದು ಅವರು ನಂಬಿದ್ದರೆ ‘ಸೈನ್ಡ್’ ಎಂದಷ್ಟೇ ಬರೆಯುತ್ತಾರೆ. ಈ ವ್ಯಾಪಾರದಲ್ಲಿರುವವರಿಗೆಲ್ಲ ಇದು ಗೊತ್ತು. ‘ಅಟ್ರಿಬ್ಯೂಟೆಡ್ ಟು’ ಎಂದರೆ ಬಹುಶಃ ಅವನದೇ, ‘ಸರ್ಕಲ್ ಆಫ್’ ಎಂದರೆ ಅವನ ಸುತ್ತಲಿನ ಯಾರದೋ, ‘ಮ್ಯಾನರ್ ಆಫ್’ ಎಂದರೆ ಆಮೇಲಿನ ಯಾರೋ ಅವನ ಹಾಗೆ ಬರೆದದ್ದು, ‘ಆಫ್ಟರ್’ ಎಂದರೆ ನಕಲು. ಹೊರಗಿನವನಿಗೆ ಇವೆಲ್ಲ ಹೊಗಳಿಕೆಯ ಹಾಗೆ ಕೇಳಿಸುತ್ತವೆ.

ನಾನು ಬಿಡಲಿಲ್ಲ. ಸಹಿಯ ಮಾತು ಹಾಗಿರಲಿ, ‘ಕ್ಯಾನ್ವಾಸಿನ ಮೇಲೆ ತೈಲವರ್ಣ’ ಎಂದಿರಲ್ಲ, ಇದು ಮುದ್ರಣ ಎಂದು ಚುಕ್ಕೆಗಳ ಫೋಟೊ ಕಳುಹಿಸಿದೆ. ಗೆದ್ದೆ ಎಂದುಕೊಂಡಿದ್ದೆ. ಉತ್ತರ: ‘ವಸ್ತುವಿನಲ್ಲಿ ಕ್ಯಾನ್ವಾಸ್ ಇದೆ, ಅದರ ಮೇಲೆ ತೈಲವರ್ಣವೂ ಇದೆ. ಸ್ಥಿತಿ ವರದಿ ಕೇಳಿದವರಿಗೆ ಲಭ್ಯವಿತ್ತು. ತಾವು ಕೇಳಿರಲಿಲ್ಲ.’ ಈ ಸಾಲನ್ನು ಹತ್ತು ಸಲ ಓದಿದ್ದೇನೆ. ಕ್ಯಾನ್ವಾಸ್ ಇದೆ, ತೈಲವರ್ಣವೂ ಇದೆ. ಹಾಲಿಗೆ ನೀರು ಬೆರೆಸಿದವನು ‘ಪಾತ್ರೆಯಲ್ಲಿ ಹಾಲೂ ಇದೆಯಲ್ಲ’ ಎಂದ ಹಾಗೆ.

ಮೂರನೆಯದು: ‘ಉದ್ದೇಶಪೂರ್ವಕ ನಕಲಿ ಎಂದು ದೂರು ಕೊಡಲು ಹರಾಜಿನ ದಿನದಿಂದ 21 ದಿನಗಳ ಅವಕಾಶವಿತ್ತು.’ ಚಿತ್ರ ನನ್ನ ಕೈಸೇರಿದ್ದೇ ಹದಿನೆಂಟನೆಯ ದಿನ. ಸಾಗಾಟದವರನ್ನು ಸೂಚಿಸಿದ್ದೂ ಅವರೇ.

ಆನ್‌ಲೈನ್ ಖರೀದಿಗೆ ಹದಿನಾಲ್ಕು ದಿನದಲ್ಲಿ ವಾಪಸ್ ಮಾಡುವ ಹಕ್ಕು ಇದೆಯಲ್ಲ ಎಂದು ನನ್ನ ಹಾಗೆ ಯಾರೂ ನೆಚ್ಚಿಕೊಳ್ಳಬೇಡಿ. ಜನ ಖುದ್ದಾಗಿ ಹಾಜರಾಗಬಹುದಾದ ಸಾರ್ವಜನಿಕ ಹರಾಜಿಗೆ ಅದು ಅನ್ವಯಿಸುವುದಿಲ್ಲ, ನೀವು ಅಡುಗೆಮನೆಯಲ್ಲಿ ಕೂತು ಕೊಂಡಿದ್ದರೂ ಸರಿ. ಸಣ್ಣ ದಾವೆಗಳ ನ್ಯಾಯಾಲಯಕ್ಕೆ ಹೋಗುವ ಯೋಚನೆ ಇನ್ನೂ ಇದೆ. ಅಲ್ಲಿಗೆ ತಜ್ಞರ ಲಿಖಿತ ವರದಿ ಬೇಕು, ಅದಕ್ಕೆ ಬೇರೆ ಹಣ.

ಕೊಳ್ಳಲೇಬೇಕು ಎನ್ನುವವರು ಹಿಂಬದಿಯ ಫೋಟೊ, ಸ್ಥಿತಿ ವರದಿ ಎರಡನ್ನೂ ಕೇಳಿ ತರಿಸಿಕೊಳ್ಳಿ. ‘ಇದನ್ನು ಇಂಥವರೇ ಬರೆದದ್ದೆಂದು ನೀವು ಹೇಳುತ್ತೀರಾ, ಹೌದೋ ಅಲ್ಲವೋ’ ಎಂದು ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಅಲ್ಲ. ಹೌದು ಎನ್ನದಿದ್ದರೆ ಅಲ್ಲ ಎಂದೇ ಅರ್ಥ. ಸೌಮ್ಯವಾದ ದನಿಗೆ ಮರುಳಾಗಬೇಡಿ. ಮನೆಯಲ್ಲಿ ರೋಮನ್ ಅಂಕಿ ಬಲ್ಲ ಮಕ್ಕಳಿದ್ದರೆ ಹರಾಜಿಗೆ ಮೊದಲೇ ತೋರಿಸಿ.

ಕಳೆದ ವಾರ ನಾಲ್ಕನೆಯ ಪತ್ರ ಬಂತು. ನನ್ನ ಬೇಸರವನ್ನು ಅವರು ಅರ್ಥಮಾಡಿಕೊಂಡಿದ್ದಾರಂತೆ. ಸದ್ಭಾವನೆಯ ಗುರುತಾಗಿ, ಚಿತ್ರವನ್ನು ಅವರ ಮುಂದಿನ ಹರಾಜಿನಲ್ಲೇ ಮಾರಲು ಕೊಟ್ಟರೆ ಮಾರುವವರ ಕಮಿಷನ್ ಶೇ. 15ರ ಬದಲು 10 ಮಾತ್ರ ಹಿಡಿಯುತ್ತಾರಂತೆ. ನಾನು ಒಂದೇ ಸಾಲು ಬರೆದು ಕೇಳಿದೆ: ಈಗ ಎಲ್ಲ ಗೊತ್ತಾಗಿದೆಯಲ್ಲ, ಈ ಸಲ ಕ್ಯಾಟಲಾಗಿನಲ್ಲಿ ಏನೆಂದು ಬರೆಯುತ್ತೀರಿ?

ಅದೇ ದಿನ ಸಂಜೆ ಉತ್ತರ ಬಂತು. ‘ಹಿಂದಿನ ವಿವರಣೆಯನ್ನು ಬದಲಿಸುವ ಅಗತ್ಯ ನಮಗೆ ಕಂಡುಬಂದಿಲ್ಲ. ಆತ್ಮೀಯ ವಂದನೆಗಳು.’